ಎರಡು ಚೀಲ

ಮಿಶಿಗನ್. ನಲವತ್ನಾಲ್ಕರ ಸೆಪ್ಟೆಂಬರ್.
ಭಾಗಾಕಾರ ಅರ್ಧಕ್ಕೆ ನಿಲ್ಲಿಸಿ ಟೀಚರು
ಮಕ್ಕಳನ್ನು ರೈಲುಹಳಿಯ ಪಕ್ಕ ಬಿಟ್ಟರು:
ಎಕ್ಕದ ಕಾಯಂಥ ಈ ಕಾಯಿ ಕೀಳಿ,
ಒಳಗಿನ ನವಿರು ನೀರಲ್ಲಿ ಮುಳುಗುವುದಿಲ್ಲ,
ಎರಡು ಈರುಳ್ಳಿ ಚೀಲ ತುಂಬಿದರೆ
ಒಬ್ಬ ನಾವಿಕನಿಗೊಂದು ತೇಲುವ ಅಂಗಿ.

ಲೆಂಪಿಯ ಬೆರಳಿಗೆ ಹಾಲಿನ ಅಂಟು,
ಸೋಪಿಗೂ ಜಗ್ಗದ್ದು.
ಒಂಬತ್ತು ಚೀಲ. ನಾಲ್ಕು ಜೀವ,
ಮಿಕ್ಕಿದ್ದು ಅರ್ಧ.
ಯಾರದೆಂದು ಕೇಳಿದಳು. ಟೀಚರು
ಬೇಲಿಯ ಕಡೆ ನೋಡಿದರು.

ಅಣ್ಣ ಆರ್ವಿಡ್ ಕಡಲಲ್ಲಿಲ್ಲ.
ಎಲ್ಲೋ ಕಾಡಂತೆ, ಮೊಣಕಾಲವರೆಗೆ ಕೆಸರಂತೆ;
ಉಳಿದ ಸಾಲು ಸೆನ್ಸಾರಿನ ಕತ್ತರಿ ತಿಂದಿತ್ತು.
ನೆಲದಲ್ಲಿ ಮುಳುಗುವವರಿಗೆ
ಯಾವ ಗಿಡ ಎಂದು
ಅವಳು ಯಾರನ್ನೂ ಕೇಳಲಿಲ್ಲ.

ಒಂದು ಕಾಯಿ ಮಾತ್ರ ಜೇಬಲ್ಲಿ ತಂದಳು.
ರಾತ್ರಿ ಒಲೆಯ ಕಾವಿಗೆ
ಅದು ಟಪ್ಪೆಂದು ಬಿರಿದಾಗ
ಅಮ್ಮ ಬಾಗಿಲಿಗೆ ಓಡಿದಳು.