ತೇವಾಂಶ

ನ್ವೇವಾ ಪಾಲ್ಮೀರಾ. ಉರುಗ್ವೆ ಹೊಳೆ ಮೈಚೆಲ್ಲಿ
ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಜಾಗ.
ಸೋಯಾ ಹೊತ್ತ ಲಾರಿಗಳು ಬಂದರಿನ ಗೇಟಿನಿಂದ
ಸ್ಮಶಾನದ ಗೋಡೆಯತನಕ ಸಾಲುಗಟ್ಟಿವೆ.
ಏಪ್ರಿಲ್ ಒಂಬತ್ತು, ರಾತ್ರಿ ಹನ್ನೊಂದೂಕಾಲು.

ತೂಕದ ಕೋಣೆಯ ಹಿಂದಿನ ಕೋಣೆಯಲ್ಲಿ
ಎಲ್ಬಿಯೊ ಎಚೆವೆರಿ, ಡೇಟಾಬೇಸಿಗೆ ಇರುವ ಒಬ್ಬನೇ ಕಾವಲುಗಾರ,
ಥರ್ಮಾಸನ್ನು ಕಂಕುಳಲ್ಲಿ ಒತ್ತಿ ಹಿಡಿದು
ಒಂದೇ ಕೈಯಲ್ಲಿ ಟೈಪು ಮಾಡುತ್ತಾನೆ.
ಇನ್ನೊಂದು ಕೈಯಲ್ಲಿ ಮಾತೆ. (ನಮ್ಮ ಮಾತೆಯಲ್ಲ,
ಸೋರೆಬುರುಡೆಯಲ್ಲಿ ನೆನೆಸಿದ ಕಹಿ ಸೊಪ್ಪಿನ ನೀರು.)

ಮೊಂತೆವಿದೇಯೊದ ಲೆಕ್ಕಪರಿಶೋಧಕರ ಆದೇಶ:
ಯಾರು, ಯಾವಾಗ, ಏನನ್ನು ತೆರೆದರು, ಏನನ್ನು ತಿದ್ದಿದರು,
ಆ ದಿನಚರಿ ಇನ್ನು ನಿಮ್ಮ ಡಿಸ್ಕಿನಲ್ಲಿ ಮಾತ್ರ ಇರಕೂಡದು.
ಹದಿನೈದು ನಿಮಿಷಕ್ಕೊಮ್ಮೆ ಗಂಟು ಕಟ್ಟಿ
ಸಾವೊ ಪಾವ್ಲೊದ ಕ್ಲೌಡಿಗೆ ಕಳಿಸತಕ್ಕದ್ದು.

ಅಲ್ಲೊಂದು ಬಕೆಟ್, ಹಿಡಿಕೆಯಿಲ್ಲದ್ದು.
ಹಾಕಬಹುದು; ತೆಗೆಯುವಂತಿಲ್ಲ, ಅಳಿಸುವಂತಿಲ್ಲ,
ಏಳು ವರ್ಷ. ಬೀಗದ ಕೈ ಬೇರೆಯವರ ಸೊಂಟದಲ್ಲಿ.
ನಮ್ಮ ಕಡೆ ಕಲ್ಲಿನಲ್ಲಿ ಕೊರೆಯುತ್ತಿದ್ದರು, ಆಚಂದ್ರಾರ್ಕವೆಂದು;
ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪವೆಂದು.
ಇಲ್ಲಿ ಶಾಪವಿಲ್ಲ. ಅಳಿಸಹೊರಟರೆ
ಅನುಮತಿ ಇಲ್ಲ ಎಂಬ ಒಂದು ಸಾಲು.
ಆಮೇಲೆ ಆ ಸಾಲೂ ದಿನಚರಿಗೆ.

ಎಲ್ಲ ಹೊಂದಿಸಿಯಾಯಿತು. ಒಂದು ಚೌಕ ಮಾತ್ರ ಖಾಲಿ:
ಯಾವ ದಿನದಿಂದ?
ಆದೇಶದಲ್ಲಿ ಅದಿಲ್ಲ. ಮರೆತಿದ್ದಾರೆ. ಅವನೇ ತುಂಬಬೇಕು.

ಮಾರ್ಚ್ ಹದಿನಾಲ್ಕು. ನಸುಕಿನ ಮೂರು ಗಂಟೆ ಎಂಟು ನಿಮಿಷ.
ನೆರೀ ಬೆಂತಾಂಕುರನ ಲಾರಿ. ತೇವಾಂಶ ೧೫.೨.
ಹದಿಮೂರೂವರೆ ದಾಟಿದರೆ ಕಾಸು ಮುರಿದುಕೊಳ್ಳುತ್ತಾರೆ.
ಹೊಲದಿಂದ ಹೊರಟಾಗ ಕಾಳು ಒಣಗಿತ್ತು, ಚೀಟಿಯಿತ್ತು.
ಕ್ರೇನು ಕೆಟ್ಟು ಹತ್ತೊಂಬತ್ತು ತಾಸು ನಿಲ್ಲಿಸಿದ್ದು ಬಂದರು;
ಟಾರ್ಪಾಲು ಹರಿದದ್ದು ಗಾಳಿ.
ನೆರೀ ಜಗಳವಾಡಲಿಲ್ಲ. ಕಿಟಕಿಯ ಹೊರಗೆ ನಿಂತು
ಟೋಪಿ ತೆಗೆದು ಹಿಂಡಿದ, ಅಷ್ಟೆ.
ಎಲ್ಬಿಯೊ ಹಿಂಬಾಗಿಲಿನಿಂದ ಹೊಕ್ಕು
೧೫.೨ನ್ನು ೧೩.೪ ಮಾಡಿದ.
ನೆರೀಗೆ ಇವತ್ತಿಗೂ ಗೊತ್ತಿಲ್ಲ.
ಯಂತ್ರ ಒಳ್ಳೆಯದು ಅಂದುಕೊಂಡಿದ್ದಾನೆ.

ದಿನಚರಿಗೆ ಗೊತ್ತಿರುವುದು ಹೆಸರು, ಗಳಿಗೆ,
ಹಳೆಯ ಅಂಕಿ, ಹೊಸ ಅಂಕಿ.
ಟೋಪಿಯಿಂದ ಇಳಿದ ನೀರಿಗೆ ಅಲ್ಲಿ ಕಾಲಂ ಇಲ್ಲ.

ಏಪ್ರಿಲ್ ಒಂದು ಎಂದು ಬರೆದ.
ಹಳೆಯ ಫೈಲು ಮೂವತ್ತು ದಿನಕ್ಕೆ ತಾನಾಗಿಯೇ ಹೋಗುತ್ತದೆ;
ಇನ್ನು ನಾಲ್ಕು ದಿನ ಸುಮ್ಮನಿದ್ದರೆ ಹದಿನಾಲ್ಕರದೂ.
ಕೈ ಗುಂಡಿಯ ಮೇಲೆ. ಒತ್ತಲಿಲ್ಲ.
ಬಿಸಿನೀರು ಮುಗಿದಿತ್ತು, ಎದ್ದ.

ಹೊರಗೆ ಲಾರಿಯ ಮೆಟ್ಟಿಲ ಮೇಲೆ ಸ್ಟವ್ ಹಚ್ಚಿ
ಎಬೆರ್ ಸೋಸಾ ಸಾಸೇಜು ಹುರಿಯುತ್ತಿದ್ದ.
ಥರ್ಮಾಸಿಗೆ ನೀರು ಹೊಯ್ಯುತ್ತ ಕೇಳಿದ:
“ಅಲ್ಲ ಮಾರಾಯ, ನಿಮ್ಮ ಯಂತ್ರ ನೆಟ್ಟಗಿದೆಯೋ?
ಹೋದ ತಿಂಗಳು ನನ್ನ ಹೇರಿಗೆ ಹದಿನೈದು ತೋರಿಸಿ ಮುರಿದುಕೊಂಡರು.
ನನ್ನ ಮುಂದಿದ್ದ ನೆರೀಗೆ ಹದಿಮೂರು ಚಿಲ್ಲರೆ.
ಇಬ್ಬರೂ ನೆನೆದದ್ದು ಒಂದೇ ಮಳೆ.”

ಆ ರಾತ್ರಿ ಎಬೆರನೂ ಇದ್ದನೆ?
ಕಿಟಕಿಗೆ ಬಂದಿರಲಿಲ್ಲ. ಟೋಪಿ ಹಾಕುವವನೇ ಅಲ್ಲ.
“ಯಂತ್ರ ನೆಟ್ಟಗಿದೆ,” ಅಂದ ಎಲ್ಬಿಯೊ.
ಸಾಸೇಜು ಕೊಟ್ಟರೆ ಬೇಡವೆಂದ.

ಒಳಗೆ ಬಂದು ಏಪ್ರಿಲನ್ನು ಅಳಿಸಿದ
(ಅಳಿಸಲು ಬರುವಂಥದ್ದು ಈ ಮನೆಯಲ್ಲಿ ಇದೇ ಕೊನೆಯದೇನೋ),
ಡಿಸ್ಕಿನಲ್ಲಿ ಉಳಿದಿದ್ದ ಎಲ್ಲಕ್ಕಿಂತ ಹಳೆಯ ದಿನ,
ಮಾರ್ಚ್ ಹತ್ತು, ಅದನ್ನು ಬರೆದು ಒತ್ತಿದ.

ಎರಡೂವರೆಗೆ ಪರದೆ ಹೇಳಿತು:
ಕಳಿಸಿದ ಸಾಲು ೪,೧೧,೨೦೬.
ತಲುಪಿದ ಸಾಲು ೪,೧೧,೨೦೬.
ಇನ್ನೊಮ್ಮೆ ಎಣಿಸಲು ಹೇಳಿದ,
ದಾರಿಯಲ್ಲಿ ಒಂದಾದರೂ ಬಿದ್ದುಹೋಗಿದ್ದೀತೇ ಎಂದು.
೪,೧೧,೨೦೬.

ಆಚೆ ಕೋಣೆಯಲ್ಲಿ ತೂಕದ ಹಲಗೆ ಕಿರುಗುಟ್ಟಿತು.
ಎಬೆರನ ಸರದಿ.