ಎಣಿಕೆ

ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ.
ಹೊಳೆ ಮಾತ್ರ ಏರುತ್ತಿದೆ.
ಮಳೆ ಬಿದ್ದದ್ದು ಎಲ್ಲೋ ಸಾತಾರದ ಆಚೆ, ಘಟ್ಟದ ನೆತ್ತಿಗೆ;
ತೊಯ್ಯುವುದು ಕೃಷ್ಣೆಯ ನಡುವಿನ ಬೂದೆಪ್ಪನ ಗಡ್ಡಿ.

ನಾನು ಇಲ್ಲಿಯ ತಲಾಟಿ.
ಬೆಳಿಗ್ಗೆ ಸುರಪುರದಿಂದ ಬಂದೆ,
ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು,
ಬಗಲಲ್ಲಿ ರಿಜಿಸ್ಟರು ಇರುಕಿಕೊಂಡು.
ರಟ್ಟಿನ ಮೇಲೆ: ವಿಪತ್ತು ಪೂರ್ವಸಿದ್ಧತೆ.

ಮನೆ ಐವತ್ತೆಂಟು. ಜನ ಮುನ್ನೂರ ಹನ್ನೊಂದು.
ಬಸುರಿಯರು ಇಬ್ಬರು, ಒಬ್ಬಾಕೆಗೆ ಎಂಟು ತುಂಬಿದೆ.
ಸಕ್ಕರೆ ರೋಗಕ್ಕೆ ಸೂಜಿ ಬೇಕಾದವರು ನಾಲ್ವರು.
ದನ ಎಷ್ಟು ಅಂದರೆ ಗದ್ದೆಮ್ಮ ನಕ್ಕಳು:
‘ಹೊಳಿ ಬಿಟ್ಟಷ್ಟು.’

ಹೋದ ತಿಂಗಳು ಯಾದಗಿರಿಯಲ್ಲಿ ತರಬೇತಿ.
ಪರದೆಯ ಮೇಲೆ ದೂರದ ಕಡಲು,
ಅದರ ತುಂಬ ಸಾಸಿವೆ ಚೆಲ್ಲಿದಂತೆ ದೇಶಗಳು.
ಒಂದೊಂದು ದೇಶ ನಮ್ಮ ಹೋಬಳಿಯಷ್ಟೂ ಇಲ್ಲ.
ಬಿರುಗಾಳಿಯ ತಿಂಗಳಿಗೆ ಮೊದಲು ಅಲ್ಲಿಯ ಹೆಂಗಸರು
ಹಲಸಿನಂಥ ಕಾಯಿಯನ್ನು ಎಲೆಯಲ್ಲಿ ಸುತ್ತಿ
ನೆಲದೊಳಗೆ ಹೂಳುತ್ತಾರಂತೆ,
ನೆರವಿನ ಹಡಗು ಬರುವತನಕ ತಿನ್ನಲಿಕ್ಕೆ.
ಊಟದ ಕೂಪನ್ನಿನ ಹಿಂದೆ ಬರೆದುಕೊಂಡೆ: ಹಗೇವು.

ಗದ್ದೆಮ್ಮನಿಗೆ ಇದನ್ನು ಹೇಳಿದೆ.
ಎಲೆಯಡಿಕೆ ಉಗುಳಿ ಅಂದಳು,
‘ನಮ್ಮಲ್ಲೂ ಇತ್ತು ಹಗೇವು. ಡ್ಯಾಮ್ ಆದ ಮ್ಯಾಲ ಮುಚ್ಚಿದಿವಿ.
ಮೊದಲ ಹೊಳಿ ಹೇಳಿ ಬರತಿತ್ತು,
ಕೆಂಪಾಗಿ, ಕಸಕಡ್ಡಿ ತೇಲಿಸಿ,
ಬಾಣಂತಿಗಿ ನೀರು ಕಾಸೂವಷ್ಟು ಹೊತ್ತು ಕೊಟ್ಟು.
ಈಗ ಗೇಟ್ ತೆಗಿತಾರ, ಫೋನ್ ಬರತದ.
ಟವರ್ ಇದ್ದರ.’

ಅವಳ ಅಟ್ಟದ ಮೇಲೆ ಜೋಳ, ಶೇಂಗಾ ಹಿಂಡಿ,
ಹಳೇ ಸೀರೆಯಲ್ಲಿ ಕಟ್ಟಿಟ್ಟ ಖಡಕ್ ರೊಟ್ಟಿ,
ಮುಚ್ಚಳ ಬಿಗಿದ ಎಣ್ಣೆ ಡಬ್ಬಿಯೊಳಗೆ ಕಡ್ಡಿಪೆಟ್ಟಿಗೆ.
ತೊಲೆಗೆ ಜೋತುಬಿದ್ದ ಒಣಸೋರೆ, ಜೋಡಿ ಜೋಡಿ,
ಕುತ್ತಿಗೆಗೆ ಹಗ್ಗ.
ಬಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಪಲ್ಯಕ್ಕೆ ಕೊಯ್ಯಬಾರದು,
ಅದು ಹೊಳೆಯದು.
ಒಂದರ ಮೇಲೆ ಸುಣ್ಣದ ಅಕ್ಷರ, ಸೊಟ್ಟ ಸೊಟ್ಟ:
ಸಾಬವ್ವ, ಮೂರನೇ ಇಯತ್ತೆ.

ಸರಕಾರದ್ದೂ ಸಿದ್ಧತೆ ಇದೆ.
ಲೈಫ್ ಜಾಕೆಟ್ ಹತ್ತು, ಕಿತ್ತಳೆ ಬಣ್ಣದವು,
ಆಚೆ ದಂಡೆಯ ಪಂಚಾಯಿತಿ ಬೀರುವಿನಲ್ಲಿ.
ಕೀಲಿಕೈ ಕಾರ್ಯದರ್ಶಿಯ ಕಿಸೆಯಲ್ಲಿ.
ಕಾರ್ಯದರ್ಶಿ ಹುಮನಾಬಾದಿನಲ್ಲಿ, ಷಡ್ಡಕನ ಮಗಳ ಮದುವೆಗೆ.

ಹೋದ ಸಲ ನೀರು ಇಳಿದ ಮೇಲೆ ಬಂದದ್ದು
ಮುನ್ನೂರು ಚಾದರ, ಬೂಸಲು ಹಿಡಿದ ಬ್ರೆಡ್ಡು,
ಒಂದು ಪೆಟ್ಟಿಗೆ ತುಂಬ ಬೂಟು, ಬರೀ ಬಲಗಾಲಿನವು.
ಬೇಕಾದದ್ದು ನೀರಿಗೆ ಹಾಕುವ ಗುಳಿಗೆ.
‘ಚಾದರ ಕುಡಿಲಿಕ್ಕಿ ಬರತಾವೇನ್ರಿ?’
ಈ ಪ್ರಶ್ನೆಗೆ ನನ್ನ ನಮೂನೆಯಲ್ಲಿ ಜಾಗವಿಲ್ಲ.

ಮೂರೂವರೆಗೆ ಶಾಲೆಯ ಗೋಡೆಯ ಕೆಂಪು ಗೆರೆ ಮುಳುಗಿತು.
ತೆಪ್ಪದಲ್ಲಿ ಮೂವರಿಗೆ ಜಾಗ.
ನಾನು ಆಗಲೇ ಎದ್ದು ನಿಂತಿದ್ದೆ,
ಚಪ್ಪಲಿ ಕೈಯಲ್ಲಿ ಹಿಡಿದು. ನಿಜ ಹೇಳುತ್ತಿದ್ದೇನೆ.
ಎಂಟು ತುಂಬಿದವಳು ಕೂತಳು, ಆಕೆಯ ಅವ್ವ ಕೂತಳು,
ಹುಟ್ಟು ಹಾಕಲು ಮೌನೇಶ.
ಯಾರೂ ನನಗೆ ಏನೂ ಅನ್ನಲಿಲ್ಲ.
ಚಪ್ಪಲಿ ಮತ್ತೆ ಮೆಟ್ಟಿಕೊಂಡೆ.

ಆ ದಂಡೆಯಿಂದ ಮೌನೇಶ ಟವೆಲ್ಲು ಬೀಸಿದ:
ಮುಟ್ಟಿದೆವು. ಇನ್ನು ಬರಲಾಗದು.

ಗದ್ದೆಮ್ಮ ನನ್ನ ಎದೆಯನ್ನು ಗೇಣಿನಿಂದ ಅಳೆದಳು,
ದರ್ಜಿಯ ಹಾಗೆ, ನಾಚಿಕೆಯಿಲ್ಲದೆ.
ಎರಡು ಸೋರೆ ಇಳಿಸಿ ಬೆನ್ನಿಗೆ ಕಟ್ಟಿದಳು.
‘ನಮ್ಮ ಮನಿಯವರವು. ಒಳಗ ಬೀಜ ಸಪ್ಪಳ ಮಾಡಿದರ ಅಂಜಬ್ಯಾಡ.
ಸಪ್ಪಳ ನಿಂತರ ಅಂಜು.’

ರಾತ್ರಿ, ಚಿಮಣಿ ಬೆಳಕು, ಅಟ್ಟ.
ರಿಜಿಸ್ಟರು ಬಿಚ್ಚಿದೆ.
ದಾಟಿದವರು ಮೂವರು: ಮುನ್ನೂರ ಎಂಟು.
ಅದನ್ನೂ ಹೊಡೆದು ಬರೆದೆ, ಮುನ್ನೂರ ಒಂಬತ್ತು.
ಈಜು ಬಾರದವರು ಎಂಬ ಕಾಲಂ
ಬೆಳಿಗ್ಗೆಯಿಂದ ಖಾಲಿ ಇತ್ತು.
ಅಲ್ಲಿ ಒಂದು ಅಂಕಿ ಹಾಕಿದೆ.
ಬಾಗಿದಾಗ ಬೆನ್ನ ಹಿಂದೆ
ಬೀಜ ಗಿಲಿಗಿಲಿ ಅಂದವು.