ದೊನ್ ಕಮನಾಳ ಅಂಗಳ

ನೀರಲ್ಲಿ ಕಿವಿ ಅದ್ದಿದರೆ ಸಾಕು, ಕೇಳುತ್ತದೆ
ಕಟಕಟ, ಕಟಕಟ,
ಪಕ್ಕದ ಕೋಣೆಯಲ್ಲಿ ಯಾರೋ
ಕಡಲೆ ಕಡಿಯುತ್ತ ಕೂತಂತೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ
ಎಂಬ ಮಾತು ಈ ದಂಡೆಯಿಂದ ಕೆಳಗಿಳಿಯುವುದಿಲ್ಲ.
ಗಿಳಿಮೀನಿಗೆ ಎರಡೂ ಉಂಟು:
ಸವೆದಷ್ಟೂ ಬೆಳೆಯುವ ಕೊಕ್ಕು,
ಸತ್ತ ಹವಳದ ಮೇಲೆ ದಿನವೂ ಚಿಗುರುವ ಪಾಚಿ.
ಪಾಚಿಗೆಂದು ಕೆರೆದರೆ ಕಲ್ಲೂ ಬರುತ್ತದೆ.
ಗಂಟಲಲ್ಲೇ ಬೀಸುಕಲ್ಲು; ಅರೆದು,
ಬೇಕಾದ್ದು ಇಟ್ಟುಕೊಂಡು
ಉಳಿದದ್ದನ್ನು ಹಿಂದೆ ಬಿಡುತ್ತದೆ, ನಾಚಿಕೆಯಿಲ್ಲದೆ,
ಬಿಳಿ ಹೊಗೆಯ ಹಾಗೆ.

ಆ ಹೊಗೆ ತಳ ಕೂತದ್ದೇ ನಮ್ಮ ಊರು.

ಹುವಾಧು ಹವಳವರ್ತುಲದ ತೆಂಕಣ ಅಂಚಿನಲ್ಲಿ
ಅಡ್ಡ ನಡೆದರೆ ಹನ್ನೊಂದು ನಿಮಿಷದ ನೆಲ.
ಮುಂಜಾನೆಯ ಬಾಂಗ್ ಮುಗಿದ ಮೇಲೆ
ದೊನ್ ಕಮನಾ ತೆಂಗಿನಕಡ್ಡಿಯ ಪೊರಕೆ ಹಿಡಿದು ಗುಡಿಸುತ್ತಾಳೆ,
ಎಲೆಗಳನ್ನು ಮಾತ್ರ, ಮರಳಿಗೆ ನೋಯದಂತೆ.
"ಇದು ಮೀನಿನ ಹೇಲು, ಅತ್ತೆ" ಎಂದಿದ್ದೆ,
ಮಾಲೆಯಲ್ಲಿ ಓದಿ ಬಂದ ಜಂಬದ ವರ್ಷ.
ಪೊರಕೆ ನಿಲ್ಲಲಿಲ್ಲ. "ಗೊತ್ತು ಬಿಡು.
ನೀನು ಅಂಬೆಗಾಲಿಟ್ಟದ್ದೂ ಅದರ ಮೇಲೇ."

ಇನ್ನೊಂದು ಸಂಗತಿ ಶಾಲೆಯದಲ್ಲ,
ದಿಬ್ಬದಂಚಿಗೆ ಈಜಿಸಿಕೊಂಡು ಹೋಗಿ ಅವಳೇ ತೋರಿಸಿದ್ದು:
ಇಟ್ಟಿಗೆ ಬಣ್ಣದ ಹೆಣ್ಣುಗಳು, ನಡುವೆ
ಹಸಿರುನೀಲಿಯ ಒಬ್ಬನೇ ಗಂಡು.
ಅವನನ್ನು ಶಾರ್ಕ್ ಒಯ್ದರೆ
ಹೆಣ್ಣುಗಳಲ್ಲಿ ದೊಡ್ಡವಳು ಕೆಲವು ದಿನ ಹಾಗೇ ಈಜುತ್ತಾಳೆ.
ಆಮೇಲೆ ಕೆನ್ನೆಗೆ ನೀಲಿ, ರೆಕ್ಕೆಗೆ ಗುಲಾಬಿ,
ಆಮೇಲೆ ಗಂಡು.
ಯಾರೂ ಏನೂ ಕೇಳುವುದಿಲ್ಲ.

ಸೀದಿ ಮಾವ ಗಾಳದ ಕೋಲು ಹಿಡಿದಂತೆಯೇ
ಧೋಣಿಯಲ್ಲಿ ಒರಗಿದ ವರ್ಷ,
ಬುಟ್ಟಿ ಬುಟ್ಟಿ ಹೊಸ ಮರಳು ತಂದು
ಗೋರಿಯ ಮೇಲೆ ಸುರಿದೆವು.
ಅತ್ತೆ ನಾಲ್ಕು ತಿಂಗಳು ಹತ್ತು ದಿನ ಒಳಗಿದ್ದಳು.

(ರಾತ್ರಿ ಗಿಳಿಮೀನು ತನ್ನದೇ ಲೋಳೆಯಿಂದ
ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತದೆ.
ರಕ್ತ ಹೀರುವ ಹುಳುಗಳು ಹೊರಗೇ.
ಬೆಳಗಾದರೆ ಹರಿದು ಬಿಟ್ಟು ಹೋಗುತ್ತದೆ.)

ಹನ್ನೊಂದನೆಯ ದಿನ ಚುಕ್ಕಾಣಿ ಹಿಡಿದಳು.
ಅವಳನ್ನು ಮಾತ್ರ ಎಲ್ಲರೂ ಕೇಳಿದರು.

ಈ ವರ್ಷ ನೀರು ಕಾದು ಹವಳ ಬಿಳುಚಿದೆ.
ಕಟಕಟ ನಿಂತಿಲ್ಲ, ಆದರೆ ದೂರ ಸರಿದಿದೆ.
ನಿನ್ನೆ ರಿಸಾರ್ಟಿನ ಅಡುಗೆಯವನೊಬ್ಬ ಬಂದು
ಆ ಹಸಿರು ಮೀನು ಕಿಲೋಗೆ ಎಷ್ಟು ಎಂದ.
ಅತ್ತೆ ಅಂಗಳ ತೋರಿಸಿ,
"ಮೊದಲು ಇದನ್ನು ತೂಗು" ಎಂದಳು.

ಅವನು ನಕ್ಕ, ಚಹಾ ಕುಡಿದ, ಎದ್ದ.
ಜೆಟ್ಟಿಯ ಮೇಲೆ ಒಂಟಿ ಕಾಲಲ್ಲಿ ನಿಂತು
ಚಪ್ಪಲಿ ಕೊಡವುತ್ತಿದ್ದ, ತುಂಬ ಹೊತ್ತು.